ಮೂರನೇ ವರ್ಷದ ಜವಳ

12 ಜನವರಿ 2025, ಭಾನುವಾರ. ಸಂಜೆ 6

ಮಗ ಪ್ರಭುವಿನ ಕೂದಲು ಹೆಗಲು ದಾಟಿದೆ. ಹೇಳಿದವಳು ಎದುರುಮನೆಯ ಸಗೀರಾ. ಅವನನ್ನು ಅಂಗಳದಲ್ಲಿ ಕೂರಿಸಿ ಜಡೆ ಹಾಕುತ್ತಿದ್ದೆ. ಎರಡು ಜಡೆ, ಎರಡು ರಬ್ಬರ್ ಬ್ಯಾಂಡ್. ಅಳೆದು ನೋಡಿದೆ — ನಿಜ. ಒಂದು ಗೇಣು, ಮೇಲೆ ನಾಲ್ಕು ಬೆರಳು.

ಹೀಗೆ ಬರೆಯುವುದು ಅಪ್ಪನಿಂದ ಬಂದದ್ದು. ಬಸವನ ಬಾಗೇವಾಡಿಯಲ್ಲಿ ಮೂವತ್ತು ವರ್ಷ ಪೇಪರ್ ಏಜೆಂಟ್ ಆಗಿದ್ದರು. ನಸುಕಿನಲ್ಲಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಪುರವಣಿ ಸೇರಿಸುತ್ತ ನಾನು ಓದು ಕಲಿತೆ. “ಮೊದಲ ಏನಾತು ಬರಿ. ಆಮ್ಯಾಲ ಯಾರು ಹೇಳಿದ್ರು ಬರಿ. ನಿನಗ ಏನ ಅನಿಸ್ತು ಅನ್ನೂದು ಕಡೀಕ, ಜಾಗಾ ಉಳದ್ರ.”

ಸಂಗತಿ ಇಷ್ಟು. ಪ್ರಭು ಹುಟ್ಟಿದ ಮೇಲೆ ಅವನ ತಲೆಗೆ ಕತ್ತರಿ ತಾಗಿಲ್ಲ. ಮೊದಲ ಕೂದಲು ತೆಗೆಯುವ ಜವಳ ಸೋದರಮಾವನ ತೊಡೆಯ ಮೇಲೆ ಆಗಬೇಕು, ಮೊದಲ ಕತ್ತರಿ ಅವನದೇ. ಒಂದನೇ ವರ್ಷ, ತಪ್ಪಿದರೆ ಮೂರನೆಯದು, ಅದೂ ತಪ್ಪಿದರೆ ಐದು. ಮೊದಲನೆಯದು 2023ರ ಜೂನ್ 12ಕ್ಕೆ ಗೊತ್ತಾಗಿತ್ತು. ಜೂನ್ 2ಕ್ಕೆ ಅಪ್ಪ ತೀರಿಕೊಂಡರು, ಅದು ತಪ್ಪಿತು. ಮೂರನೇ ವರ್ಷ ಈ ಜೂನ್ 14ಕ್ಕೆ ಮುಗಿಯುತ್ತದೆ.

ಅಣ್ಣ ಸಂಗನಬಸವ ಮುದ್ದೇಬಿಹಾಳದಲ್ಲಿದ್ದಾನೆ. ಗೊಬ್ಬರದ ಅಂಗಡಿ. ಫೋನ್ ಮಾಡಿ ಕೇಳಿದೆ.

“ನೋಡೂಣ ತಗೋ” ಅಂದ.

ಸಗೀರಾ ಕೇಳಿಸಿಕೊಂಡಳು. “ನಮ್ಮಲ್ಲಿ ಏಳನೇ ದಿನಕ್ಕ ಬೋಳಿಸಿ ಮುಗಿಸ್ತೀವ್ರಿ ಅಕ್ಕಾರ. ಮಾಮಾಗೋಳಿಗೆ ನೋಡೂಣ ಅನ್ನಾಕ ಟೈಮೇ ಕೊಡೂದಿಲ್ಲ.” ಇಬ್ಬರೂ ನಕ್ಕೆವು. ಮಡಿಲಲ್ಲಿದ್ದ ಮಗಳು ದಾನೇಶ್ವರಿಯೂ ನಕ್ಕಳು. ಅವಳಿಗೆ ಎರಡು ತಿಂಗಳು, ಹತ್ತು ದಿನ. ಮೊದಲ ನಗು ಎಂದು ಬರೆಯಬೇಕೆಂದಿದ್ದೆ. ಅತ್ತೆ ಒಪ್ಪಲಿಲ್ಲ. “ಅದು ಹೊಟ್ಟ್ಯಾಗಿನ ಗಾಳಿ.”

26 ಜನವರಿ, ಭಾನುವಾರ

ಪ್ರಭು ಈಗ ಮನೆಗೆ ಬಂದ ಗಂಡಸರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಾನೆ — “ನೀ ಮಾಮಾ ಏನು?” ಮಾಮಾ ಬಂದು ಕೂದಲು ಕತ್ತರಿಸುತ್ತಾನೆ ಎಂದು ನಾನೇ ಹೇಳಿಕೊಟ್ಟದ್ದು. ಅಣ್ಣನನ್ನು ಅವನು ಕೊನೆಗೆ ನೋಡಿದ್ದು ಒಂದೂವರೆ ವರ್ಷದ ಹಿಂದೆ. ಮುಖ ನೆನಪಿರುವುದು ಸಾಧ್ಯವಿಲ್ಲ.

ಇವತ್ತು ಗ್ಯಾಸ್ ತಂದ ಅಮೀರನನ್ನು ಕೇಳಿದ. “ಹೌದಪಾ, ನಾ ಸಿಲಿಂಡರ್ ಮಾಮಾ” ಅಂದ ಅವನು. ಪ್ರಭು ಅವನ ಕಾಲ ಬಳಿ ಕುಳಿತು ತಲೆ ಬಗ್ಗಿಸಿದ. ಅಮೀರ ನನ್ನ ಮುಖ ನೋಡಿದ. ಖಾಲಿ ಸಿಲಿಂಡರ್ ಎತ್ತಿಕೊಂಡು ಹೋದ.

9 ಫೆಬ್ರವರಿ, ಭಾನುವಾರ. ರಾತ್ರಿ ಊಟದ ನಂತರ

ಅಣ್ಣ ಬರುತ್ತಾನೆ, ಒಂದು ಸಹಿ ಬೇಕಂತೆ. ಹೇಳಿದವಳು ಅವ್ವ. ಬಾಗೇವಾಡಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದಳು, ಮೊಮ್ಮಗಳಿಗೆ ಕುಂಚಿಗೆ ತಂದಳು. ಚಹಾ ಕುಡಿದ ಮೇಲೆ ಹೇಳಿದಳು.

“ಹಕ್ಕಸೋಡ ಪತ್ರ ಅಂತ. ನಿಡಗುಂದಿ ಹೊಲದ್ದು. ಬರೇ ಸಹಿ ಯವ್ವಾ.”

ಅಂದರೆ, ಅಪ್ಪನ ಹೊಲದಲ್ಲಿ ನನ್ನ ಪಾಲು ಬೇಡ ಎಂದು ನಾನು ಬರೆದು ಕೊಡುವುದು.

“ಮೊದಲ ಸಹಿ ಏನು, ಮೊದಲ ಜವಳ ಏನು?”

“ನೀ ಹಿಂಗ ಪೇಪರಿನವರ ಗತೆ ಕೇಳಬ್ಯಾಡ.”

“ಅವ್ವಾ, ಯಾವುದು ಮೊದಲು?”

“ಸಹಿ” ಅಂದಳು. ಕಪ್ಪು ತೊಳೆಯಲು ಎದ್ದು ಹೋದಳು. ಅವಳ ಮನೆಯಲ್ಲ ಇದು, ಕಪ್ಪು ತೊಳೆಯುವ ಅಗತ್ಯ ಇರಲಿಲ್ಲ.

ಜಾಗ ಉಳಿದಿದೆ. ನನಗೆ ಆ ಹೊಲ ಬೇಕೇ ಬೇಕು ಎಂದು ಎಂದೂ ಅನ್ನಿಸಿಲ್ಲ. ಅವನು ಸುಮ್ಮನೆ ಬಂದು ತೊಡೆಯ ಮೇಲೆ ಕೂರಿಸಿಕೊಂಡಿದ್ದರೆ ಮರುದಿನ ನಾನೇ ಹೋಗಿ ಬರೆದು ಕೊಡುತ್ತಿದ್ದೆನೇನೋ. ಈಗ ಅದನ್ನು ತಿಳಿಯುವ ದಾರಿಯಿಲ್ಲ.

11 ಫೆಬ್ರವರಿ

“ಸಹಿ ಮಾಡಿದ್ಯೋ, ನೋಡು.” — ಇವರು. ಅಷ್ಟೇ ಹೇಳಿ ಡ್ಯೂಟಿಗೆ ಹೋದರು. ಲೈನ್‌ಮನ್ ಕೆಲಸ, ಮಾತು ಮೊದಲಿನಿಂದ ಕಡಿಮೆ.

ಸಂಜೆ ಮಗುವಿನ ಫೋಟೊ ಹುಡುಕಲು ಇವರ ಫೋನ್ ತೆಗೆದೆ. ನಿಡಗುಂದಿ ಹೊಲದ ಫೋಟೊ ಏಳು ಇವೆ. ಕಾಲುವೆ, ಬದು, ಕಬ್ಬು. ಒಂದರಲ್ಲಿ ಇವರೇ ನಿಂತಿದ್ದಾರೆ, ಸೊಂಟದ ಮೇಲೆ ಕೈ. ತಾರೀಖು ಡಿಸೆಂಬರ್ 8. ಆ ದಿನ ಆಲಮಟ್ಟಿಗೆ ಟ್ರೇನಿಂಗ್ ಎಂದು ಹೇಳಿ ಹೋಗಿದ್ದರು. ದಾನೂಗೆ ಆಗ ಒಂದು ತಿಂಗಳು ತುಂಬಿತ್ತು, ನನಗೆ ಹೊಲಿಗೆ ಇನ್ನೂ ನೋಯುತ್ತಿತ್ತು.

ಜವಳದ ಬಗ್ಗೆ ಇವರು ಇವತ್ತೂ ಒಂದು ಮಾತು ಆಡಲಿಲ್ಲ.

16 ಮಾರ್ಚ್, ಭಾನುವಾರ

ದಾನೂ ಬೋರಲು ಬಿದ್ದಳು. ಬೆಳಿಗ್ಗೆ 9.10. ನೋಡಿದವನು ಪ್ರಭು. “ಮಮ್ಮಿ, ಚಪಾತಿ ಹೊಳ್ಳಿಸಿದಂಗ ಹೊಳ್ಳಿತು ನೋಡು.” ಅತ್ತೆ ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆದರು.

ಇನ್ನೊಂದು. ಇಂಡಿಯಲ್ಲಿರುವ ಕಾಕಾನ ಮಗ ರೇವಣಸಿದ್ದನಿಗೆ ಫೋನ್ ಮಾಡಿದೆ. ಅವನೂ ನನಗೆ ಅಣ್ಣನೇ. ಅವನ ತೊಡೆಯೂ ನಡೆಯುತ್ತದೆ ಎಂದು ಅತ್ತೆ ಹೇಳಿದರು. “ಬರತೇನಿ ತಂಗಿ, ಅದಕ್ಕ ಏನ ಕೇಳೂದೈತಿ? ನಿಂಬಿಹಣ್ಣ ಒಂದ ಚೀಲ ತರತೇನಿ” ಅಂದ. ಯುಗಾದಿ ಮುಗಿದ ಮೇಲೆ, ಏಪ್ರಿಲ್ 7, ಸೋಮವಾರ ಎಂದು ಗೊತ್ತಾಯಿತು.

5 ಏಪ್ರಿಲ್, ಶನಿವಾರ

ರೇವಣಸಿದ್ದ ಬರುವುದಿಲ್ಲ. ಹೇಳಿದವನು ಅವನೇ.

“ಸಂಗಣ್ಣ ಫೋನ್ ಮಾಡಿದ್ದ. ನಾ ಇನ್ನೂ ಸತ್ತಿಲ್ಲ ಅಂದ. ನಡುವ ನಾ ಬಂದ್ರ ಸರಿ ಆಗೂದಿಲ್ಲ ತಂಗಿ.”

“ಹಂಗಾದ್ರ ಅಂವ ಬರತಾನಂತೇನು?”

“ಅದನ್ನ ನಾ ಕೇಳಲಿಲ್ಲ.”

ನಿಂಬೆಹಣ್ಣು ಬಸ್ಸಿಗೆ ಹಾಕಿದ್ದಾನೆ. ನಮ್ಮ ಸಿಂದಗಿ ಸ್ಟ್ಯಾಂಡಿಗೆ ಹೋಗಿ ತಂದೆ. ಒಂದು ಚೀಲ ತುಂಬ.

23 ಏಪ್ರಿಲ್, ಬುಧವಾರ. ಮಧ್ಯಾಹ್ನ 2

ಪ್ರಭುವಿನ ನೆತ್ತಿಯಲ್ಲಿ ಏಳು ಕುರು. ಎರಡರಲ್ಲಿ ಕೀವು. ಬಿಸಿಲಿಗೆ ಜಡೆಯೊಳಗೆ ಬೆವರು ನಿಂತು ಆದದ್ದು. ಡಾಕ್ಟರ್ ಹೇಳಿದ್ದು: ಕೂದಲು ತೆಗೆಸಿ, ಮುಲಾಮು ಹಚ್ಚಿ. ಜವಳ ಆಗಿಲ್ಲ ಎಂದೆ. ನಿಮ್ಮ ದೇವರಿಗೆ ಕುರು ಆಗಿಲ್ಲ, ಹುಡುಗನಿಗೆ ಆಗಿದೆ ಎಂದರು.

ಮನೆಗೆ ಬಂದು ಕತ್ತರಿ ತೆಗೆದೆ. ಅತ್ತೆ ಹೊಸ್ತಿಲ ಮೇಲೆ ಕುಳಿತರು.

“ಕತ್ತರಸು. ನಾ ಏನ ಹಿಡದಿಲ್ಲ. ಆದ್ರ ನಾಳೆ ಓಣ್ಯಾಗ ಕೇಳ್ತಾರ, ವಿದ್ಯಾವತಿ ತವರಮನಿ ಮುಚ್ಚೇತೇನ್ರಿ ಅಂತ. ಏನ ಹೇಳ್ಲಿ?”

ಪ್ರಭು ಬಂದು ಕುಳಿತು ತಲೆ ಬಗ್ಗಿಸಿದ. ಈಗ ಅದು ಅವನಿಗೆ ರೂಢಿ. ಆಮೇಲೆ ಏನೋ ನೆನಪಾಗಿ ತಿರುಗಿ ನೋಡಿದ. “ನೀ ಮಾಮಾ ಅಲ್ಲಲ್ಲ.”

ಕತ್ತರಿ ಕೆಳಗಿಟ್ಟೆ. ಅತ್ತೆ ಹೇಳಿದ್ದಕ್ಕಲ್ಲ.

ಒಂದೊಂದು ಕುರುವಿನ ಸುತ್ತ ಕೂದಲು ಬಿಡಿಸಿ ಮುಲಾಮು ಹಚ್ಚಿದೆ. ನಲವತ್ತು ನಿಮಿಷ. ಪ್ರಭು ಅತ್ತ.

30 ಏಪ್ರಿಲ್. ಬಸವ ಜಯಂತಿ

ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದಾಗ ನಾನು ಏಳನೇ ಇಯತ್ತೆ. ಪೇಪರಿನ ಮೊದಲ ಪುಟದಲ್ಲಿತ್ತು. ಅಪ್ಪ ಅದನ್ನು ಓದಿ ಹೇಳಿದರು, ಮಡಚಿ ನನ್ನ ಕೈಗೆ ಕೊಟ್ಟರು. “ಇಟ್ಟುಕೋ.” ಅಣ್ಣ ಪಕ್ಕದಲ್ಲಿ ಸೈಕಲ್ಲಿಗೆ ಬಂಡಲ್ ಕಟ್ಟುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ.

ಆ ಪೇಪರ್ ಎಲ್ಲಿಟ್ಟೆನೋ ಅದೂ ಗೊತ್ತಿಲ್ಲ.

ಕುರು ಹನ್ನೊಂದು.

4 ಮೇ

ಅಣ್ಣನಿಗೆ ಮೆಸೇಜ್ ಹಾಕಿದೆ: ಸಹಿ ಮಾಡುತ್ತೇನೆ. ಎರಡು ನಿಮಿಷಕ್ಕೆ ಉತ್ತರ ಬಂತು. ಇಷ್ಟು ಬೇಗ ಎಂದೂ ಬಂದಿರಲಿಲ್ಲ.

22 ಮೇ, ಗುರುವಾರ. ಬಾಗೇವಾಡಿಯಿಂದ ಬರುವ ಬಸ್ಸಿನಲ್ಲಿ

ಆಯಿತು. 12.35ಕ್ಕೆ. ಆರು ಕಡೆ ಸಹಿ, ಮಷಿನ್ ಮೇಲೆ ಹೆಬ್ಬೆಟ್ಟು, ಕ್ಯಾಮೆರಾಕ್ಕೆ ಮುಖ.

ಸಬ್‌ರಿಜಿಸ್ಟ್ರಾರ್ ಸಾಹೇಬರು ಕೇಳಿದರು: “ಮನಸ್ಸಿನಿಂದ ಒಪ್ಪಿ ಮಾಡಾಕತ್ತೀರೇನ್ರಿ?”

“ಹೌದ್ರಿ.”

ಹೊರಗೆ ಬೇವಿನ ಮರದ ಕೆಳಗೆ ಅವ್ವ ದಾನೂನ ಎತ್ತಿಕೊಂಡು ನಿಂತಿದ್ದಳು. ಅಣ್ಣ ಪ್ರಭುವಿಗೆ ಮಾವಿನ ಜ್ಯೂಸ್ ಕೊಡಿಸಿದ. ಪ್ರಭು ಕೇಳಿದ: “ನೀ ಮಾಮಾ ಏನು?”

“ಹೌದಲೇ, ನಾನ ನಿಮ್ಮ ಮಾಮಾ. ಮತ್ತ್ಯಾರು?” ಜಡೆ ಹಿಡಿದು ಎಳೆದ. “ಏನೋ ಇದು, ಹುಡಿಗ್ಯಾಗಿ ಕುಂತೀಯಲ್ಲ.”

ಪ್ರಭು ಜ್ಯೂಸ್ ನೆಲಕ್ಕಿಟ್ಟು ಅಲ್ಲೇ ಕುಳಿತು ತಲೆ ಬಗ್ಗಿಸಿದ.

ಅಣ್ಣ ಅದನ್ನು ನೋಡಿದ. ಕುರುಗಳನ್ನೂ ನೋಡಿದ. ಆಮೇಲೆ ಫೋನ್ ಬಂತು, ಆಚೆ ಹೋದ. ಜವಳ ಜೂನ್ 9, ಸೋಮವಾರ. ಗೊತ್ತುಮಾಡಿದವನು ಅವನೇ.

ಬಸ್ಸು ಕುಲುಕುತ್ತಿದೆ, ಅಕ್ಷರ ಕೆಟ್ಟಿದೆ.

23 ಮೇ

ಇವರಿಗೆ ಹೇಳಿದೆ. “ಆತು. ಇನ್ನ ಏನ ಬೇಕಾದ್ರೂ ನಿಮ್ಮಣ್ಣನ್ನ ಕೇಳು” ಅಂದರು. ಸಂಜೆ ಫೋನಿನಲ್ಲಿದ್ದ ಹೊಲದ ಫೋಟೊ ಅಳಿಸಿದ್ದರು. ದಾನೂನ ಫೋಟೊಗಳ ನಡುವೆ ಇದ್ದವು. ಅವಳ ಎರಡು ಫೋಟೊ ಕೂಡ ಹೋಗಿವೆ.

9 ಜೂನ್, ಸೋಮವಾರ

ಪ್ರಭುವಿನ ಜವಳ ಆಯಿತು. ನಾನೇ ನೋಡಿದ್ದು.

ಅಣ್ಣ ಬಂದದ್ದು 10.20. ಹೊಸ ಅಂಗಿ-ಚಡ್ಡಿ ತಂದಿದ್ದ, ಒಂದು ಅಳತೆ ಸಣ್ಣದು. ತೊಡೆಯ ಮೇಲೆ ಕೂರಿಸಿಕೊಂಡ. ಬಲಗಡೆಯ ಜಡೆಯಿಂದ ಒಂದೆಳೆ ಕತ್ತರಿಸಿದ. ಉಳಿದದ್ದನ್ನು ಕ್ಷೌರದ ಮಾನಪ್ಪ ಬೋಳಿಸಿದ, ಕುರುವಿನ ಕಲೆಗಳನ್ನು ತಪ್ಪಿಸಿ ತಪ್ಪಿಸಿ. ಪ್ರಭು ಅಳಲಿಲ್ಲ. ಉದ್ದಕ್ಕೂ ಅಣ್ಣನ ಮುಖವನ್ನೇ ನೋಡುತ್ತಿದ್ದ.

ಅಣ್ಣ ಹೋದದ್ದು 10.41. ಅಂಗಡಿಗೆ ಗೊಬ್ಬರದ ಲಾರಿ ಬರುವುದಿತ್ತಂತೆ. ಹೋಳಿಗೆ ಮಾಡಿದ್ದೆ. “ಕಟ್ಟಿ ಕೊಡು” ಅಂದ. ಕಟ್ಟಿಕೊಟ್ಟೆ. ಜಡೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅದನ್ನೂ ಕೊಟ್ಟೆ. ತಂಗಡಗಿಯಲ್ಲಿ ಹೊಳೆಗೆ ಬಿಡುತ್ತೇನೆ ಎಂದಿದ್ದ.

ಮಧ್ಯಾಹ್ನ ಅತ್ತೆ ಕಟ್ಟೆಯ ಮೇಲಿಂದ ಗಂಟು ತಂದು ಕೊಟ್ಟರು. ಹೋಳಿಗೆ ಒಯ್ದಿದ್ದಾನೆ.

ಪ್ರಭು ಕನ್ನಡಿ ನೋಡಿಕೊಂಡ. “ಮಾಮಾ ಮತ್ತ ಯಾವಾಗ ಬರ್ತಾನ?” ಅಂದ. ಕೂದಲು ಮುಗಿದಿದೆ, ಇನ್ನು ಯಾಕೆ ಬರಬೇಕು ಎಂದು ಅವನಿಗೆ ಹೇಗೆ ಹೇಳುವುದು. ಜಾಗ ಮುಗಿಯಿತು.

16 ಜೂನ್, ಸೋಮವಾರ

ನರ್ಸರಿ ಮೊದಲ ದಿನ. ಟೋಪಿ ಹಾಕಿ ಕಳಿಸಿದೆ, ತೆಗೆದು ಬ್ಯಾಗಿಗೆ ಹಾಕಿಕೊಂಡ. ಟೀಚರ್ ಹೇಳಿದ್ದು: ಎಲ್ಲರಿಗೂ ತಲೆ ಮುಟ್ಟಿ ನೋಡಲು ಕೊಟ್ಟನಂತೆ. ಹೆರಿಗೆಯ ನಂತರ ನಾನೂ ಲ್ಯಾಬಿನ ಕೆಲಸಕ್ಕೆ ಮರಳಿದೆ. ಮೊದಲ ದಿನವೇ ಅರವತ್ತು ರಕ್ತದ ಸ್ಯಾಂಪಲ್.

20 ಆಗಸ್ಟ್

ನಿಡಗುಂದಿ ಹೊಲದ ಪಹಣಿಯಲ್ಲಿ ಅಣ್ಣನ ಹೆಸರೊಂದೇ. ಫೋನಿನಲ್ಲಿ ತೆಗೆದು ನೋಡಿದೆ. ದಾನೂಗೆ ಎರಡನೇ ಹಲ್ಲು.

14 ಸೆಪ್ಟೆಂಬರ್, ಭಾನುವಾರ

ದಾನೂ ಗೋಡೆ ಹಿಡಿದು ನಿಂತಳು. ಹೇಳಿದವರು ಅತ್ತೆ, ನಾನು ಲ್ಯಾಬಿನಲ್ಲಿದ್ದೆ. ಅವಳ ಮೊದಲ ವರ್ಷ ನವೆಂಬರ್ 2ಕ್ಕೆ ತುಂಬುತ್ತದೆ. ಅವಳಿಗೂ ಜವಳ ಆಗಬೇಕು. ಹೆಣ್ಣುಮಗುವಿಗೂ ಅದೇ ತೊಡೆ, ಅದೇ ಕತ್ತರಿ.

ಅಣ್ಣನಿಗೆ ಫೋನ್ ಮಾಡಿದೆ.

“ನೋಡೂಣ ತಗೋ.”

ಈ ಸಲ ಅವ್ವ ಬಂದು ಹೇಳುವಂಥದ್ದೇನೂ ಇಲ್ಲ. ನನ್ನ ಹತ್ತಿರ ಇನ್ನು ಸಹಿ ಮಾಡುವುದು ಏನೂ ಉಳಿದಿಲ್ಲ.

12 ಅಕ್ಟೋಬರ್

ಅಣ್ಣ ಫೋನ್ ಎತ್ತುತ್ತಿಲ್ಲ. ಇವತ್ತು ಅವನ ಹೆಂಡತಿ, ವೈನಿ, ಎತ್ತಿದಳು. “ಹೊಲಕ್ಕ ಹೋಗ್ಯಾರವಾ. ಬರ್ತಾರೋ ಇಲ್ಲೋ ನನಗೇನ ಹೇಳಿಲ್ಲ.” ಹಿಂದೆ ಅಣ್ಣ ಕೆಮ್ಮುವುದು ಕೇಳಿಸಿತು. ಅವನ ಕೆಮ್ಮು ನನಗೆ ಗೊತ್ತು, ಚಿಕ್ಕಂದಿನಿಂದ.

ಮಾನಪ್ಪನಿಗೆ 27ಕ್ಕೆ ಬರಲು ಹೇಳಿದೆ.

24 ಅಕ್ಟೋಬರ್, ಶುಕ್ರವಾರ. ಸಂಜೆ 7

ದಾನೂನ ಜವಳಕ್ಕೆ ಸೋದರಮಾವ ಬರುವುದಿಲ್ಲ. ಹೇಳಿದವರು ಯಾರೂ ಇಲ್ಲ.

ಸಂಜೆ ಪ್ರಭು ಚಾಪೆಯ ಮೇಲೆ ಕಾಲು ಚಾಚಿ ಕುಳಿತು ತಂಗಿಯನ್ನು ತೊಡೆಗೆ ಎಳೆದುಕೊಂಡ. “ನಾನ ಕೂಡಿಸ್ಕೊತೇನಿ. ಕತ್ತರಿ ಕೊಡ್ರಿ.”

ಅತ್ತೆ ನಕ್ಕರು. “ನೀ ಇಕಿಗೆ ಅಣ್ಣಲೇ, ಮಾಮಾ ಅಲ್ಲ. ನೀ ಮಾಮಾ ಆಗೂದು ಇಕಿ ಮಕ್ಕಳಿಗೆ.”

“ಯಾವಾಗ?”

“ಆಗ ನಾ ಇರೂದಿಲ್ಲ ತಗೋ. ಇಕಿ ಕರೀತಾಳ. ಬರತೀ ಏನು?”

“ಬರತೇನಿ.”

ಬರೆದುಕೊಂಡೆ. ಹೇಳಿದವನು ಪ್ರಭು, ವಯಸ್ಸು ಮೂರು ವರ್ಷ ನಾಲ್ಕು ತಿಂಗಳು. ಸಾಕ್ಷಿ ಅತ್ತೆ ಗುಂಡವ್ವ.

ಪುಟದಲ್ಲಿ ಇನ್ನೂ ಅರ್ಧ ಜಾಗ ಉಳಿದಿದೆ. ದಾನೂನ ಜವಳ ಸೋಮವಾರ, 27ಕ್ಕೆ, ಬೆಳಿಗ್ಗೆ ಎಂಟಕ್ಕೆ.