ಶೇಂಗಾ ಎಣ್ಣೆ ಹಚ್ಚಿದ ಬಂದೂಕು

ಕುರ್ತಕೋಟಿ
೨೫-೯-೨೦೨೫

ಚಿರಂಜೀವಿ ವೀರುವಿಗೆ,

ನಿನ್ನ ಅಕ್ಕನ ಆಶೀರ್ವಾದ. ಮುಂಡರಗಿಯಲ್ಲಿ ನೀನು, ಶಿವರಂಜನಿ, ಮಕ್ಕಳು ನೆಟ್ಟಗಿದ್ದೀರಿ ಅಂದುಕೊಂಡಿದ್ದೇನೆ. ಮೂರ್ನಾಲ್ಕು ದಿನದಿಂದ ನೀನು ಫೋನು ಮಾಡುತ್ತಲೇ ಇದ್ದೀ, ನಾನು ಎತ್ತಿಲ್ಲ. ತಪ್ಪು ತಿಳಿಯಬೇಡ. ಫೋನಿನಲ್ಲಿ ನೀನು ಯಾರಿಗೂ ಮಾತಾಡಗೊಡುವುದಿಲ್ಲ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗೋವಿನಜೋಳ ಚೆನ್ನಾಗಿ ಬಂದಿದೆ. ಹಂದಿಗಳ ಕಾಟವೂ ಹಾಗೇ ಇದೆ, ಪಟಾಕಿ ಹಚ್ಚಿ ಓಡಿಸುತ್ತೇನೆ. ಮನೆಯಲ್ಲಿ ಘಟ ಹಾಕಿದ್ದಾಗಿದೆ. ಪ್ರತಿ ವರ್ಷದಂತೆ ಮಾನವಮಿ ಅಮಾವಾಸ್ಯೆಯ ದಿನ ಮನೆಯೆಲ್ಲ ಸಾರಿಸಿ, ಆಯುಧಗಳ ಖಂಡೇ ಪೂಜೆಗೆ ಇರಲೆಂದು ನಮ್ಮ ಮನೆಯವರ, ಅಂದರೆ ನಿಮ್ಮ ಮಾವನ, ಬಂದೂಕನ್ನು ಹೊರಗೆ ತೆಗೆದೆ. ಅವರು ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂದಾಗ, "ಅಕ್ಕಾ, ನೀ ಇನ್ನ ಫೌಜುದಾರ" ಎಂದು ನಕ್ಕವನು ನೀನೇ.

ನಿಮ್ಮ ಮಾವನ ಪದ್ಧತಿ ನಿನಗೆ ಗೊತ್ತು. ಬಂದೂಕು ಕಪಾಟಿನಲ್ಲಿ, ಗುಂಡು ಸಿಡಿಸುವ ಅದರ ಬೋಲ್ಟು ಜೋಳದ ಡ್ರಮ್ಮಿನಲ್ಲಿ. "ಬೋಲ್ಟ ತಗದ್ರ ಇದು ಬರೇ ಕೋಲು" ಅನ್ನುತ್ತಿದ್ದರು. ಆ ಡ್ರಮ್ಮಿನ ಗುಟ್ಟು ಅವರಿಗೆ ಮತ್ತು ನನಗೆ. ಅವರು ಹೋದ ಮೇಲೆ ನಾನು ಹೇಳಿದ್ದು ನಿನಗೊಬ್ಬನಿಗೆ.

ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತೆ. ಬೋಲ್ಟನ್ನು ಬಿಚ್ಚಲು ಹೋದರೆ ತಿರುಗಲೇ ಒಲ್ಲದು. ಒಳಗಿನ ಸ್ಪ್ರಿಂಗು, ಗುಂಡಿನ ಅಂಚಿಗೆ ಬಡಿಯುವ ಆ ಸಣ್ಣ ಸೂಜಿ, ಎಲ್ಲಕ್ಕೂ ಅಂಟು ಹಿಡಿದಿತ್ತು. ಮೂಗಿಗೆ ಹಿಡಿದರೆ ಕಮಟು ವಾಸನೆ. ಶೇಂಗಾ ಎಣ್ಣೆ! ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು ನಾನು ಇದಕ್ಕೆ ಬೇರೇನನ್ನೂ ಮುಟ್ಟಿಸಿದವಳಲ್ಲ. ಸರಳಿಗೆ ಬಿಳಿ ಅರಿವೆ ಸುತ್ತಿ ನಳಿಗೆಯೊಳಗೆ ತೂರಿಸಿದೆ. ಅರಿವೆ ಬೂದಿಯಂಥ ಮಸಿ ಹೊತ್ತು ಹೊರಬಂತು. ಹೋದ ವರ್ಷ ನಾನೇ ತಿಕ್ಕಿ ಇಟ್ಟಿದ್ದೆ. ಆಮೇಲೆ ನಾನು ಒಂದು ಗುಂಡನ್ನೂ ಹಾರಿಸಿಲ್ಲ.

ಹೊರಗೆಲ್ಲ ಒರೆಸಿ ಥಳಥಳ ಮಾಡಿ ಇಟ್ಟಿದ್ದೀಯಪ್ಪಾ. ನಳಿಗೆಯ ಒಳಗೂ ಒರೆಸಬೇಕು ಅನ್ನುವುದು ತಲೆಗೆ ಹೊಳೆಯಲಿಲ್ಲ, ಅಲ್ಲವೇ?

ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ನೀನು ಬಂದಿದ್ದೆ. ಹಬ್ಬದ ಉಂಡಿ ಕಟ್ಟಲು ಬೇಕಾದ ಸಾಮಾನು ತರಲು ನಾನು ಗದಗಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ನಮ್ಮ ಮೋತಿ ಬೇವಿನ ಗಿಡದ ಬುಡದಲ್ಲಿ ಮಣ್ಣಾಗಿತ್ತು. ಮರಿ ಇದ್ದಾಗಲೇ ನಿಮ್ಮ ಮಾವ ಮನೆಗೆ ತಂದಿದ್ದ ನಾಯಿ ಅದು. "ಇಸ್ಮಾಯಿಲಸಾಬ ಬದುವಿನಾಗ ಹಂದಿಗೆ ವಿಷ ಇಟ್ಟಿದ್ದ, ಅದನ್ನ ತಿಂದು ಸತ್ತೈತಿ. ನಿನಗ ನೋಡಾಕ ಆಗೂದಿಲ್ಲಂತ ನಾನ ಹುಗದೇನಿ" ಅಂದೆ ನೀನು. ನಾನು ನಿಂತ ಕಾಲಲ್ಲೇ, ನಮ್ಮ ಬಾಜೂ ಹೊಲದ ಆತನ ಮನೆ ಮುಂದೆ ಹೋಗಿ, ಓಣಿಯವರೆಲ್ಲ ಕೇಳುವಂತೆ ಬಾಯಿಗೆ ಬಂದದ್ದು ಬೈದೆ. ಆತನ ಹೆಂಡತಿ ಜನ್ನತಬಿ ಅಂದಿನಿಂದ ಮಜ್ಜಿಗೆಗೂ ಬಂದಿಲ್ಲ.

ಬಂದೂಕು ಬಿಚ್ಚಿದ ಮರುದಿನ ಆ ಮಸಿ ಅರಿವೆ ಹಿಡಿದುಕೊಂಡೇ ಅವರ ಹೊಲಕ್ಕೆ ಹೋದೆ. "ಇಸ್ಮಾಯಿಲಣ್ಣಾ, ಖರೆ ಹೇಳು" ಅಂದೆ. ಕಳೆ ಕೀಳುವ ಕುರ್ಚಿಗೆಯ ಮಣ್ಣು ಕೆರೆದು ಕೆಳಗಿಟ್ಟ. ಆಮೇಲೆ ಹೇಳಿದ: "ನಿನ್ನ ತಮ್ಮ ಮೊಲಕ್ಕ ಗುಂಡ ಹಾರಿಸಿದ್ನವಾ. ನಾಯಿ ಮೊಲದ ಬೆನ್ನ ಹತ್ತಿತ್ತು, ಅದಕ್ಕ ಬಡೀತು. ನಾ ನೋಡೇನಿ."

"ಅವತ್ತ ಅಷ್ಟ ಬೈದ್ನೆಲ್ಲಾ, ಯಾಕ ಹೇಳಲಿಲ್ಲ?"

"ನಿನಗ ತವರಮನಿ ಅಂತ ಇರಾಂವ ಅವನ ಒಬ್ಬಾಂವ. ಅದನ್ನ ನಾ ಹ್ಯಾಂಗ ಕಡೀಲಿ?"

ವೀರು, ನನ್ನ ಬೈಗುಳ ತಿಂದು ನನ್ನ ತವರು ಕಾದವನು ಆತ. ತವರು ಅನ್ನಿಸಿಕೊಂಡ ನೀನು ಮಾಡಿದ್ದು ಏನು? ಮೊಲಕ್ಕೆ ಇಟ್ಟ ಗುರಿ ತಪ್ಪಿತು ಅಂದಿದ್ದರೆ ಎರಡು ದಿನ ಅತ್ತು, ಮೂರನೆಯ ದಿನ ನಿನಗೆ ರೊಟ್ಟಿ ಬಡಿದು ಹಾಕುತ್ತಿದ್ದೆ.

ದಸರೆಗೆ ಬನ್ನಿ ಕೊಡಲು ಬರುತ್ತೀಯಲ್ಲ, ಬಾ. ಈ ಸಲ ನನ್ನ ಮೊದಲ ಬನ್ನಿ ಇಸ್ಮಾಯಿಲಣ್ಣನ ಕೈಗೆ. ನಾನು ಬೈದ ಅದೇ ಓಣಿಯಲ್ಲಿ, ಎಲ್ಲರೂ ಕೇಳುವಂತೆ ಆತನ ಕೈ ಹಿಡಿದು ತಪ್ಪಾಯಿತು ಅನ್ನುವವಳಿದ್ದೇನೆ. ನೀನು ನನ್ನ ಪಕ್ಕದಲ್ಲಿ ನಿಂತು ನಡೆದದ್ದನ್ನು ನಿನ್ನ ಬಾಯಿಂದಲೇ ಹೇಳು. ಹೇಳಿದ ಮೇಲೆ ನಮ್ಮ ಹೊಸ್ತಿಲು ದಾಟು. ಆಗದಿದ್ದರೆ ಮುಂಡರಗಿಯಲ್ಲೇ ಇರು. ಬೋಲ್ಟಿನ ಜಾಗ ಬದಲಿಸಿದ್ದೇನೆ.

ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನೂ ತಂಪಾಗಿಟ್ಟಿರಲಿ.

ನಿನ್ನ ಅಕ್ಕ,
ಶಾರದವ್ವ

ತಾ.ಕ.: ಇಷ್ಟು ಬರೆದರೂ ಬರೆಯಬೇಕಾದದ್ದು ಉಳಿದೇಬಿಟ್ಟಿತು. ಅವತ್ತು ನಾನು ನಿನ್ನ ಮಾತು ಸುಮ್ಮನೆ ನಂಬಲಿಲ್ಲ. "ಖರೇನ?" ಅಂತ ಕೇಳಿದೆ. ನೀನು ನನ್ನ ತಲೆ ಮೇಲೆ ಕೈಯಿಟ್ಟು, "ನಿನ್ನಾಣಿ, ಅಕ್ಕಾ" ಅಂದೆ. ಸುಳ್ಳಾಣೆ ಇಟ್ಟರೆ ಯಾರ ತಲೆ ಮುಟ್ಟಿರುತ್ತಾರೋ ಅವರು ಸಾಯುತ್ತಾರೆಂದು ಅವ್ವ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದ್ದಳು. ನೀನು ಚಿಕ್ಕಂದಿನಲ್ಲಿ ಕದ್ದ ಬೆಲ್ಲಕ್ಕೂ ನನ್ನ ಆಣೆ ಇಡಲು ಹೆದರಿ ಅಳುತ್ತಿದ್ದೆ. ಈ ಸಲ ನಿನ್ನ ಕೈ ನಡುಗಲೇ ಇಲ್ಲ, ವೀರು. ಆ ಕೈ ಇನ್ನೂ ನನ್ನ ತಲೆ ಮೇಲೆಯೇ ಇದೆ.