ಕೊಂಡಿ ಬಿಚ್ಚುವುದಿಲ್ಲ

ಬಾಗಲಕೋಟೆ
೧೪ ನವೆಂಬರ್ ೧೯೮೮

ವಿಭಾಗದ ಮುಖ್ಯಸ್ಥರಿಗೆ, ಪ್ರಯೋಗಾಲಯದ ಸಹಾಯಕಿ ಗುರುಲಿಂಗವ್ವನ ಶರಣು.

ಕಂಪ್ಯೂಟರ್ ಮುಟ್ಟಿದ್ದಕ್ಕೆ ತಪ್ಪೊಪ್ಪಿಗೆ ಬರೆದುಕೊಡು, ನೀನು ಮಾಡಿದ ಪ್ರೋಗ್ರಾಂ ಅಳಿಸು ಎಂಬ ನಿಮ್ಮ ಮೆಮೊ ತಲುಪಿದೆ. ಎರಡನ್ನೂ ಮಾಡುವುದಿಲ್ಲ.

ನಾನು ಮಾಡಿದ್ದು ಇಷ್ಟೇ: ಪರದೆಯ ಮೇಲೆ ನಮ್ಮ ಪ್ರಯೋಗಾಲಯದ ಕುಲುಮೆಯ ಬಿಸಿ ಅಳೆಯುವ ಮೀಟರಿನದೊಂದು ಚಿತ್ರ, ಗ್ರಾಫಿನದೊಂದು ಚಿತ್ರ. ನಡುವೆ ಮೌಸಿನಿಂದ ತಂತಿ ಎಳೆದರೆ ಕಂಪ್ಯೂಟರೇ ನಿಮಿಷಕ್ಕೊಮ್ಮೆ ಬಿಸಿ ಅಳೆದು ಗೆರೆ ಬರೆಯುತ್ತದೆ. ಇಳಕಲ್ಲಿನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತ ಬೆಳೆದವಳಿಗೆ ಇದೇನು ದೊಡ್ಡದು? "ನಿನಗ ಇಂಗ್ಲಿಷ್ ಎಲ್ಲಿ ಬರ್ತದ?" ಎಂದು ನಕ್ಕಿರಿ. ತಂತಿ ನನ್ನನ್ನು ಇಂಗ್ಲಿಷ್ ಕೇಳಲಿಲ್ಲ ಸರ್.

ನಿಮ್ಮ ಸಿಟ್ಟಿನ ಮೂಲ ಬೇರೆ. ಕುಲುಮೆ ದಿನವೂ ಮಧ್ಯಾಹ್ನ ಎರಡು ತಾಸು ತಣ್ಣಗಿರುತ್ತದೆಂದು ಆ ಗೆರೆ ತೋರಿಸಿತು. ನೀವು ಸಹಿ ಹಾಕಿದ ರಿಜಿಸ್ಟರಿನಲ್ಲಿ ಅದೇ ಹೊತ್ತಿಗೆ ಎಂಟುನೂರು ಡಿಗ್ರಿ ಇದೆ.

ಕೊಂಡಿ ತಪ್ಪಿದಾಗ ನಮ್ಮವ್ವ ಹೇಳುತ್ತಿದ್ದಳು: "ಮುಚ್ಚಬ್ಯಾಡವ್ವಾ, ಉಟ್ಟಾಗ ಕಾಣ್ತದ."

ಕಂಪ್ಯೂಟರ್ ಕೋಣೆಯ ಬೀಗದ ಕೈ ಕಳಿಸಿಕೊಡಿ. ನಾಡಿದ್ದು ವಿಶ್ವವಿದ್ಯಾಲಯದ ಪರೀಕ್ಷಕರು ಪ್ರಯೋಗಾಲಯದ ತಪಾಸಣೆಗೆ ಬರುತ್ತಾರೆ. ರಿಜಿಸ್ಟರನ್ನು ನೀವು ತೋರಿಸಿ, ಗೆರೆಯನ್ನು ನಾನು ತೋರಿಸುತ್ತೇನೆ.

ತಪ್ಪೊಪ್ಪಿಗೆಯ ಹಾಳೆಯನ್ನು ಖಾಲಿಯೇ ಮರಳಿಸುತ್ತಿರುವ,
ಗುರುಲಿಂಗವ್ವ