ತೇಗದ ಕುರ್ಚಿಗೆ ಕೊಬ್ಬರಿ ಎಣ್ಣೆ

ಡಿಸೆಂಬರ್ 2, ಸೋಮವಾರ

ಪೂಲ್ ಸುತ್ತ ಬಲೆ ಹಿಡಿದು ನಡೆದದ್ದಾಯ್ತು. ತೆಂಗಿನ ಹೂವಿನ ಉದುರು, ಸತ್ತ ಜೀರುಂಡೆ, ಒಂದು ಕಪ್ಪೆ... ಅದು ಸತ್ತಿರಲಿಲ್ಲ. ಕಟ್ಟಿಸಿದಾಗಿನಿಂದ ಈ ನೀರಿಗೆ ಮನಸಾರೆ ಇಳಿದದ್ದು ಕಪ್ಪೆಗಳೇ. ನನ್ನ ತಮ್ಮ ಭಾನುಪ್ರಕಾಶನಿಗೆ ಈಜು ಬರಲ್ಲ. ಅವನ ಹೆಂಡತಿ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಾಳೆ. ಅಷ್ಟಕ್ಕೆ ಗುಬ್ಬಿಯ ನಮ್ಮ ತೋಟದಲ್ಲಿ ಫಲ ಬಿಡೋ ತೆಂಗಿನ ಮರ ಕಡಿಸಿದ, ಪುಣ್ಯಾತ್ಮ.

ಪೂಲ್ ಪಕ್ಕದ ಕಲ್ಲುಹಾಸು 'ಪ್ಯಾಟಿಯೋ' ಅಂತೆ. ಜಗಲಿ ಅಂದರೆ ಮರ್ಯಾದೆ ಹೋಗುತ್ತೆ. ಅಲ್ಲೊಂದು ದೊಡ್ಡ ಕೊಡೆ. ಮಡಿಸೋ ಹಿಡಿ ಕೆಟ್ಟು ಅರ್ಧರಾತ್ರಿಲೂ ಬಿಚ್ಚೇ ಇರುತ್ತೆ. ಗಾದೆ ಕಟ್ಟಿದವರು ನಮ್ಮ ಭಾನೂನ ನೋಡೇ ಕಟ್ಟಿರಬೇಕು.

ಪಂಪು, ಒಂದು ಬಚ್ಚಲು, ಬಟ್ಟೆ ಬದಲಾಯಿಸೋ ರೂಮು. ಇದು ಪೂಲ್ ಹೌಸು. ಬದಲಾಯಿಸೋರು ಯಾರೂ ಇಲ್ಲ, ಅದರಲ್ಲಿ ನಾನಿದ್ದೀನಿ. ಕುಣಿಗಲ್ಲಲ್ಲಿ ಗಂಡನ ಮನೆ ಬಿಟ್ಟು ಬಂದ ಹೊಸದರಲ್ಲಿ ತುಮಕೂರಲ್ಲಿ ತಮ್ಮನ ಉಪ್ಪಾರಹಳ್ಳಿ ಮನೇಲಿದ್ದೆ. ಅಲ್ಲಿ ಒಂದು ಲೋಟ ಕಾಫಿ ಬೇಕಾದರೂ ಅವನ ಹೆಂಡತಿ ಮುಖ ನೋಡಿ ಮೊದಲು ನಗಬೇಕಿತ್ತು. ಇಲ್ಲಿ ಬೀಗದ ಕೈ ನನ್ನ ಸೊಂಟದಲ್ಲಿದೆ. ಯಾರಿಗೂ ನಗಬೇಕಾಗಿಲ್ಲ.

ಡಿಸೆಂಬರ್ 5, ಗುರುವಾರ

ಭಾನು ಸತ್ಯಮಂಗಲದ ತನ್ನ ಫ್ಯಾಕ್ಟರಿಯಿಂದ ನೆಟ್ಟಗೆ ಇಲ್ಲಿಗೇ ಬಂದ. ಮಗಳು ಇಂಪನಾಳ ನಿಶ್ಚಿತಾರ್ಥ ಹದಿನೈದಕ್ಕೆ, ಧನುರ್ಮಾಸಕ್ಕೆ ಮುಂಚೆ, ಇದೇ ಜಗಲಿ ಮೇಲೆ. ಗಂಡಿನ ಕಡೆಯವರು ಕುಣಿಗಲ್ಲಿನವರು. ಆಮೇಲೆ ಜಾಗಾನ ಫಂಕ್ಷನ್‌ಗಳಿಗೆ ಬಾಡಿಗೆ ಬಿಡ್ತಾನಂತೆ. ಜೊತೆಗೆ ಗಂಡ ಹೆಂಡತಿ ಇಬ್ಬರನ್ನ ಕರೆತಂದಿದ್ದ. ನಯಾಜ್ ಅಹಮದ್, ಶಾಹೀನ್. ತುಮಕೂರಿನವರು. ಪೂಲು, ಜಗಲಿ, ಹೊರಗಿನ ಕುರ್ಚಿ ಮೇಜು ತೊಳೆಯೋದೇ ಉದ್ಯೋಗವಂತೆ!

ನಯಾಜ್ ಒಂದು ಮಿಷನ್ ಹಚ್ಚಿದ. ನೀರು ಗುಂಡು ಹೊಡೆದಂಗೆ ಹಾರಿ ಕಲ್ಲಿನ ಸಂದಿಯ ಸಿಮೆಂಟು ಕಿತ್ತು ಗೋಡೆಗೆ ಬಡಿಯಿತು. "ಲೂಸ್ ಇತ್ತು ಮೇಡಂ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಶಾಹೀನ್ ತೇಗದ ಕುರ್ಚಿ ಸವರಿ, "ಅಕ್ಕ, ಮರ ಬಾಡೋಗಿದೆ. ಇದಕ್ಕೇ ಅಂತ ಆಯಿಲ್ ಟಿನ್ ಬರ್ತದೆ, ತಂದ್‌ಕೊಡ್ಲಾ?" ಅಂದಳು.

"ನಿನ್ ಟಿನ್ ನೀನೇ ಇಟ್ಕೊ ಕಣಮ್ಮ. ನಮ್ಮನೇಲಿ ಎಣ್ಣೆಗೇನ್ ಬರ ಬಂದಿಲ್ಲ."

ಭಾನು ನನ್ನನ್ನ ಪಕ್ಕಕ್ಕೆ ಕರೆದ. "ಅಕ್ಕ, ಕಾಂಟ್ರ್ಯಾಕ್ಟ್ ಇವ್ರಿಗೇ ಕೊಡೋಣ ಅಂತಿದೀನಿ. ಮಿಷನ್ನು ಗಿಷನ್ನು ಇಡಕ್ಕೆ ಪೂಲ್ ಹೌಸ್ ಬೇಕಾಗುತ್ತೆ. ನೀನು ನಮ್ ಜೊತೆ ಬಂದ್‌ಬಿಡು."

ಮತ್ತೆ ಆ ಮನೆಗಾ? "ನಿಶ್ಚಿತಾರ್ಥಕ್ಕೆ ನಾನೊಬ್ಳೇ ಎಲ್ಲಾ ಮಾಡ್ತೀನಿ. ನೋಡು. ಆಮೇಲೆ ಮಾತಾಡು" ಅಂದೆ. ಯೋಚನೆ ಮಾಡಿ, "ಸರಿ, ಚೆನ್ನಾಗಾದ್ರೆ ನೀನೇ ಇರು" ಅಂದ. ದೊಡ್ಡ ಧರ್ಮರಾಯ.

ಡಿಸೆಂಬರ್ 9

ಕುರ್ಚಿ ತೊಳೆದೆ. ಅಂಟುವಾಳದ ನೀರು, ತೆಂಗಿನ ನಾರು. ಸೊಂಟ ಬಿದ್ದುಹೋಗಿದೆ. ಬಿಳಿ ಕುಶನ್‌ಗಳು ಬೇರೆ. ಧೂಳಿನ ಊರಲ್ಲಿ, ಮರದ ಕೆಳಗೆ ಬಿಳಿ ಕುಶನ್ ಹಾಕೋ ಬುದ್ಧಿ ಯಾರಿಗೆ ಬರುತ್ತೆ? ಭಾನು ಹೆಂಡತಿಗೆ ಬರುತ್ತೆ. ವಿಡಿಯೋ ಕಾಲ್ ಮಾಡಿ, "ಅತ್ತಿಗೆ, ಸ್ವಲ್ಪ ಆ ಕಡೆ ತೋರ್ಸಿ, ಈ ಕಡೆ ತೋರ್ಸಿ" ಅಂತಾಳೆ. ತೊಳೆದ ಕುರ್ಚಿ ಬೂದಿ ಬಣ್ಣಕ್ಕಿದೆ ಅಂತ ಮೂಗು ಮುರಿದಳು. ಇರು ತಾಯಿ, ತೋರಿಸ್ತೀನಿ.

ಡಿಸೆಂಬರ್ 14, ಶನಿವಾರ

ಕೊಬ್ಬರಿ ಎಣ್ಣೆ ಹಚ್ಚಿದೆ. ನಮ್ಮದೇ ತೋಟದ ಕೊಬ್ಬರಿ, ಗಾಣದಲ್ಲಿ ಆಡಿಸಿದ್ದು. ಅಮ್ಮ ಹಬ್ಬಕ್ಕೆ ಹೊಸಿಲಿಗೆ, ಸೇರಿಗೆ, ತೊಟ್ಟಿಲಿಗೆ ಎಲ್ಲಕ್ಕೂ ಅದನ್ನೇ ಸವರುತ್ತಿದ್ದಳು. ತೇಗ ಏನು ಆಕಾಶದಿಂದ ಇಳಿದದ್ದಾ? ಕೈ ತುಂಬ ಹಚ್ಚಿದೆ. ಎರಡೆರಡು ಸಲ. ಮಧ್ಯಾಹ್ನದ ಬಿಸಿಲಿಗೆ ಕುರ್ಚಿಗಳು ಮದುಮಕ್ಕಳಂತೆ ಹೊಳೆದವು. ಫೋಟೋ ಕಳಿಸಿದೆ. ಭಾನು ಹೆಬ್ಬೆಟ್ಟು ಕಳಿಸಿದ. ಅವನ ಹೆಂಡತಿ, "ಸೂಪರ್ ಅತ್ತಿಗೆ". ಹುಟ್ಟಿದ ಮೇಲೆ ಮೊದಲ ಸಲ.

ಟಿನ್ನಂತೆ ಟಿನ್ನು!

ಡಿಸೆಂಬರ್ 15, ಬೆಳಿಗ್ಗೆ ಆರು

ಏನು ಚಳಿ. ಕುರ್ಚಿಗಳ ಮೇಲೆಲ್ಲ ಬೆಳ್ಳಗೆ ಬೂಷ್ಟು ಹಿಡಿದಂತಿದೆ. ಮುಟ್ಟಿ ನೋಡಿದೆ... ಎಣ್ಣೆ ಗಟ್ಟಿಯಾಗಿದೆ. ಶೀಶೆಯಲ್ಲಿ ಗಟ್ಟಿಯಾಗೋ ಎಣ್ಣೆ ಕುರ್ಚಿ ಮೇಲೆ ಸುಮ್ಮನಿರುತ್ತಾ? ಅಷ್ಟೂ ಹೊಳೆಯಲಿಲ್ಲವಲ್ಲ ನನಗೆ. ಹಳೇ ಸೀರೆ ಹರಿದು ಒರೆಸುತ್ತಿದ್ದೀನಿ.

ಒಂಬತ್ತು

ಬಿಸಿಲು ಬಂತು. ಬಿಳಿ ಹೋಯ್ತು. ಮತ್ತೆ ಹೊಳೀತಾ ಇವೆ. ಕುಶನ್ ಹಾಕಿದೆ. ಬದುಕಿದೆ.

ಸಂಜೆ

ಕರಗಿದ ಎಣ್ಣೆ ಎಲ್ಲಿಗೆ ಹೋಗುತ್ತೆ? ಕುಶನ್ನಿಗೆ. ಕುಶನ್ನಿಂದ ಬೀಗರಿಗೆ.

ತಾಂಬೂಲ ಬದಲಾಯಿಸೋಕೆ ಅಂತ ಗಂಡಿನ ಅಪ್ಪ ಗುರುಸಿದ್ದಯ್ಯ ಎದ್ದು ನಿಂತರು. ರೇಷ್ಮೆ ಪಂಚೆ, ಹಿಂದೆ ಎರಡು ದುಂಡು ಕಲೆ. ಕ್ಯಾಮೆರಾದವನು ಹಿಂದಿನಿಂದಲೇ ತೆಗೀತಿದ್ದ. ಆಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಹಿಂಭಾಗ ನೋಡಿಕೊಳ್ಳೋಕೆ ಶುರು. ಮೈಸೂರು ಸಿಲ್ಕು, ಜರಿ, ಎಲ್ಲದರ ಮೇಲೂ ನನ್ನ ಗಾಣದ ಎಣ್ಣೆ. ಗೊದ್ದ ಇರುವೆಗಳು ಬೇರೆ ಸಾಲು ಕಟ್ಟಿ ಬಂದಿದ್ದವು. ಗಂಡಿನ ಅಜ್ಜಿ ಚಿಕ್ಕಗಂಗಮ್ಮ, "ಅಯ್ಯೋ, ಕುರ್ಚಿಗೂ ಎಣ್ಣೆ ಒತ್ತಿ ತಲೆಗೆರೀತಾರಾ ನಿಮ್ ಕಡೆ!" ಅಂದರು. ಎಲ್ಲರೂ ನಕ್ಕರು. ಇಂಪನಾನೂ ನಕ್ಕಳು. ಸಂಬಂಧ ಏನೋ ಉಳಿಯಿತು.

ಭಾನು ನಗಲಿಲ್ಲ.

ಡಿಸೆಂಬರ್ 19

ಭಾನು ಫೋನ್. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡ್ತಿದ್ದೆ. "ಭಾನುವಾರ ಟೆಂಪೋ ಕಳಿಸ್ತೀನಿ ಅಕ್ಕ, ಸಾಮಾನು ಕಟ್ಕೊ" ಅಂದ, ಮೆತ್ತಗೆ. ಕಾಯಿಲೆಯವರ ಜೊತೆ ಮಾತಾಡೋ ಥರ. ಫೋನಿಟ್ಟು ಅತ್ತೆ. ಇದನ್ನ ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಆ ಮನೆಗೆ ಹೋಗೋಕೆ ನನಗೆ ಹೆದರಿಕೆ. ದಿನಾ ನಗಬೇಕಲ್ಲ.

ಡಿಸೆಂಬರ್ 22, ಭಾನುವಾರ

ಸಾಮಾನು ಕಟ್ಟಿದ್ದಾಯ್ತು. ಟ್ರಂಕಿನ ಮೇಲೆ ಕೂತು ಬರೀತಿದ್ದೀನಿ. ಟೆಂಪೋಗೆ ಮುಂಚೆ ಶಾಹೀನ್ ಬಂದಳು, ಒಬ್ಬಳೇ. ಕುರ್ಚಿಗಳ ಜಿಡ್ಡು ತೆಗೆಯೋಕೆ. ನಗ್ತಾಳೆ ಅಂತ ಕಾದೆ. ನಗಲಿಲ್ಲ. ಅದು ಇನ್ನೂ ಉರಿ.

ಬಾಗಿಲಲ್ಲಿ ನಿಂತು ರೂಮು ನೋಡಿದಳು, ಟ್ರಂಕು ನೋಡಿದಳು. "ಎಲ್ಲಿಗಕ್ಕ?"

"ನಿನ್ ಮಿಷನ್ನಿಗೆ ಜಾಗ ಬೇಕಂತಲ್ಲ. ಇಟ್ಕೊ."

"ಯಾರ್ ಹೇಳಿದ್ದು? ಪಂಪಿನ್ ಪಕ್ಕ ಒಂದ್ ಮೂಲೆ ಸಾಕು. ವಾರಕ್ಕೊಂದ್ ದಿನ ಬರೋರು ನಾವು. ದಿನಾ ಎಲೆ ತೆಗೆಯೋರು, ಗೇಟ್ ಬೀಗ ನೋಡ್ಕೊಳೋರು ಬೇಕೇ ಬೇಕು. ಬೇರೆ ಯಾರ್ನಾದ್ರೂ ಇಟ್ರೆ ನಮ್ ಬ್ರಷ್ಷೂ ಉಳಿಯಲ್ಲ. ಸರ್‌ಗೆ ನಾನೇ ಹೇಳ್ತೀನಿ. ನೀವು ಹೂಂ ಅನ್ನಿ ಅಕ್ಕ, ಅಷ್ಟೇ."

ಅಷ್ಟೇ ಅಂತೆ. ನಾನು ಏನಂದೆ? "ನಿನ್ ಭಿಕ್ಷೆ ಬೇಡ" ಅಂದೆ. ಅವಳು ಬಕೆಟ್ ಎತ್ತಿಕೊಂಡು ಹೋದಳು. ಒಂದು ಹೂಂ. ಬಾಯಲ್ಲೇ ಇತ್ತು. ಬರಲಿಲ್ಲ. ಐವತ್ತು ದಾಟಿದರೂ ಈ ನಾಲಿಗೆ ನನ್ನ ಮಾತು ಕೇಳಲ್ಲ.

ಕಿಟಕಿಯಿಂದ ಕಾಣ್ತಿದ್ದಾಳೆ. ಕಾದ ನೀರಿಗೆ ಬಟ್ಟೆ ಪೌಡರ್ ಸುರೀತಾ ಇದ್ದಾಳೆ. ತಂತಿ ಬ್ರಷ್ ಬೇರೆ! ಮರ ಸುಲಿದು ಹೋಗುತ್ತೆ. ಇವಳಿಗೆ ಕಾಂಟ್ರ್ಯಾಕ್ಟ್.

"ಅಕ್ಕಾ, ಇಷ್ಟ್ ಪೌಡರ್ ಸಾಕಾ?" ಅಂತ ಅಲ್ಲಿಂದಲೇ ಕೂಗಿದಳು. ನಾನು ಬರೀತಾನೇ ಇದ್ದೆ.

ನನ್ನ ಕಿಟಕಿ ಕಡೆ ನೋಡುತ್ತಲೇ ಇನ್ನೊಂದು ಹಿಡಿ ಹಾಕಿದಳು.

ಗೇಟಿನ ಹತ್ತಿರ ಟೆಂಪೋ ಹಾರನ್ ಹೊಡೀತಿದೆ. ಹೊಡ್ಕೊಳ್ಳಲಿ. ದಡ್ಡಿ, ಮರದ ಎಳೆಗೆ ಅಡ್ಡಡ್ಡ ಉಜ್ಜುತ್ತಿದ್ದಾಳೆ, ಮೊದಲು ಆ ಬ್ರಷ್ ಕಿತ್ತುಕೊಂಡು